ಕಿರುತಾರೆಗೊಂದು ತಕ್ಕಡಿ

ಧಾರೆ ಮುಗಿದು ಸಪ್ತಪದಿಯೂ ಆದ ಮೇಲೆ ಪುರೋಹಿತರು ವಧೂವರರನ್ನು ಚಪ್ಪರದಿಂದ ಹೊರಗೆ ಕರೆತಂದು ಉತ್ತರದ ಆಕಾಶದತ್ತ ಬೆರಳು ತೋರುತ್ತಾರೆ. “ಅರುಂಧತಿ ಕಂಡಳೇನಮ್ಮ?” ಎಂದು ಕೇಳುತ್ತಾರೆ. ಮುಹೂರ್ತ ಹಗಲಿನದಾಗಿದ್ದರೆ, ಹನ್ನೆರಡು ಗಂಟೆಯ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡ ಮದುಮಗಳು “ಕಂಡಳು” ಎಂದು ತಲೆದೂಗುತ್ತಾಳೆ. ಮದುಮಗನೂ ಹಿಂದೆ ಬೀಳುವುದಿಲ್ಲ. ಅತ್ತ ಊಟದ ಎಲೆ ಹಾಕುವ ಗಡಿಬಿಡಿ ನಡೆದಿರುವಾಗ ಈ ಸಾಕ್ಷ್ಯವನ್ನು ಪರೀಕ್ಷಿಸುವವರಾದರೂ ಯಾರು!

ಆದರೆ ತಿಳಿಯಾದ ರಾತ್ರಿಯಲ್ಲಿ ನಿಜವಾಗಿಯೂ ನೋಡಬಯಸುವವರಿಗೆ ಆ ದರ್ಶನ ಕಷ್ಟದ್ದಲ್ಲ. ಸಪ್ತರ್ಷಿ ಮಂಡಲದ ಬಾಲದ ನಡುವಣ ನಕ್ಷತ್ರವೇ ವಸಿಷ್ಠ. ಅದರ ಮಗ್ಗುಲಲ್ಲಿ ಮಿನುಗುವ ಸಣ್ಣ ಚುಕ್ಕೆ ಅರುಂಧತಿ. ದೂರದರ್ಶಕಗಳು ಬಂದ ಮೇಲೆ ವಸಿಷ್ಠನು ಒಬ್ಬನಲ್ಲ, ನಾಲ್ಕು ನಕ್ಷತ್ರಗಳ ಕೂಟವೆಂದು ಕ್ರಮೇಣ ಗೊತ್ತಾಯಿತು. ಅರುಂಧತಿ ಮಾತ್ರ ಬಹುಕಾಲ ಒಂಟಿಯೆಂದೇ ಎಣಿಕೆಯಾಗಿದ್ದಳು. 2009ರಲ್ಲಿ ಅಮೆರಿಕದ ಪಾಲೊಮಾರ್ ಶಿಖರದ ಇನ್ನೂರು ಅಂಗುಲದ ದೂರದರ್ಶಕವು ಆಕೆಯ ಪ್ರಖರವಾದ ಬೆಳಕನ್ನು ಉಪಾಯದಿಂದ ಮರೆಮಾಡಿ ನೋಡಿದಾಗ, ಪಕ್ಕದಲ್ಲೇ ಒಂದು ಮಂಕಾದ ಕೆಂಪು ಕಿರುತಾರೆ ಹೊರಬಿತ್ತು. ಅದರ ರಾಶಿ ಸೂರ್ಯನ ರಾಶಿಯ ಕಾಲು ಭಾಗದಷ್ಟಿರಬಹುದೆಂದು ವಿಜ್ಞಾನಿಗಳು ಹೇಳಿದರು.

ಎಂಬತ್ತಕ್ಕೂ ಹೆಚ್ಚು ಜ್ಯೋತಿರ್ವರ್ಷಗಳಾಚೆ ಇರುವ ಚುಕ್ಕೆಯೊಂದನ್ನು ತೂಗಿದವರು ಯಾರು? ಯಾವ ತಕ್ಕಡಿಯಲ್ಲಿ?

ಉತ್ತರ ತುಸು ನಿರಾಶೆಯದು. ಅದನ್ನು ಯಾರೂ ತೂಗಲಿಲ್ಲ. ಅದರ ಬೆಳಕನ್ನು ನೋಡಿ ಅಂದಾಜು ಮಾಡಿದರು. ಸಂತೆಯಲ್ಲಿ ಪಳಗಿದ ವ್ಯಾಪಾರಿ ಕುಂಬಳಕಾಯಿಯನ್ನು ಕಣ್ಣಿಂದ ನೋಡಿಯೇ “ಐದು ಸೇರಿಗೆ ಕಡಿಮೆಯಿಲ್ಲ” ಎನ್ನುವಂತೆ ಇದು. ವ್ಯಾಪಾರಿಯ ಮಾತನ್ನು ಗಿರಾಕಿ ನಂಬುವುದೇಕೆ? ಆತ ಈ ಮೊದಲು ಸಾವಿರಾರು ಕಾಯಿಗಳನ್ನು ತಕ್ಕಡಿಗೆ ಹಾಕಿ ನೋಡಿದ್ದಾನೆಂದು. ಖಗೋಳಜ್ಞರ ಅನುಭವ ಅಷ್ಟು ದೊಡ್ಡದಲ್ಲ. 2016ರಲ್ಲಿ ಫ್ರಿಟ್ಜ್ ಬೆನೆಡಿಕ್ಟ್ ಮತ್ತು ಸಂಗಡಿಗರು ಕೆಂಪು ಕಿರುತಾರೆಗಳ ರಾಶಿಗೂ ಬೆಳಕಿಗೂ ಇರುವ ಸಂಬಂಧವನ್ನು ನಿರ್ಧರಿಸಿ ಪ್ರಕಟಿಸಿದಾಗ, ಅವರ ಕೈಯಲ್ಲಿದ್ದ, ನಿಜವಾಗಿ ತೂಗಿದ ನಕ್ಷತ್ರಗಳ ಸಂಖ್ಯೆ ಕೇವಲ 47. ಸೂರ್ಯನ ಸುತ್ತಮುತ್ತಲಿನ ನಕ್ಷತ್ರಗಳಲ್ಲಿ ನಾಲ್ಕಕ್ಕೆ ಸುಮಾರು ಮೂರು ಈ ಜಾತಿಯವೇ. ಅಷ್ಟು ದೊಡ್ಡ ಸಮೂಹಕ್ಕೆ ನಲವತ್ತೇಳು ಸಾಕ್ಷಿಗಳು! ಆ ಒಂದೊಂದು ಸಾಕ್ಷಿಯನ್ನು ಸಂಪಾದಿಸಲು ಪಟ್ಟ ಪಾಡು ತಿಳಿದರೆ ಈ ಸಂಖ್ಯೆ ಅಷ್ಟು ಕಡಿಮೆಯೆನಿಸುವುದಿಲ್ಲ.

ಮೊದಲು ಒಂದು ಮಾತು. ಇಲ್ಲಿ ‘ತೂಕ’ ಎಂದರೆ ರಾಶಿ, ಅಂದರೆ ವಸ್ತುವಿನಲ್ಲಿ ಅಡಗಿರುವ ದ್ರವ್ಯದ ಮೊತ್ತ. ಶಾಲೆಯ ಉಪಾಧ್ಯಾಯರು ಎರಡನ್ನೂ ಬೆರೆಸಬಾರದೆಂದು ಕಿವಿ ಹಿಂಡುತ್ತಾರೆ. ಖಗೋಳಜ್ಞರು ಮಾತಿನ ಭರದಲ್ಲಿ ತಾವೇ ಬೆರೆಸುತ್ತಾರೆ.

ಒಂಟಿಯಾದ ನಕ್ಷತ್ರ ತನ್ನ ರಾಶಿಯನ್ನು ಹೊರಗೆಡಹುವುದು ತೀರ ಅಪರೂಪ. ಅದರ ಬಣ್ಣ, ಕಾಂತಿ, ತಾಪ ಇವೆಲ್ಲ ಬೆಳಕಿನೊಡನೆ ಬಂದು ಮುಟ್ಟುತ್ತವೆ, ರಾಶಿ ಬರುವುದಿಲ್ಲ. ರಾಶಿ ಗೊತ್ತಾಗುವುದು ಅದು ಮತ್ತೊಂದನ್ನು ಎಳೆದಾಗ. ಆದ್ದರಿಂದ ತೂಗಬೇಕಾದ ನಕ್ಷತ್ರಕ್ಕೆ ಜೊತೆಗಾರ ಬೇಕು. ಅಂಗಳದಲ್ಲಿ ತಂದೆಯೊಬ್ಬ ಮಗುವಿನ ಎರಡು ಕೈ ಹಿಡಿದು ಗಿರ್ರನೆ ಸುತ್ತುತ್ತಿರುವುದನ್ನು ನೋಡಿದವರಿಗೆ ಈ ವಿಷಯ ಅರ್ಧ ತಿಳಿದಂತೆಯೇ. ಮಗು ದೊಡ್ಡ ವೃತ್ತದಲ್ಲಿ ಹಾರಾಡುತ್ತದೆ. ತಂದೆಯೂ ನಿಂತಲ್ಲೇ ನಿಂತಿರುವುದಿಲ್ಲ, ಹಿಂದಕ್ಕೆ ವಾಲಿ ಸಣ್ಣದೊಂದು ವೃತ್ತದಲ್ಲಿ ಹೆಜ್ಜೆ ಹಾಕುತ್ತಾನೆ. ತಂದೆಯ ವೃತ್ತಕ್ಕಿಂತ ಮಗುವಿನ ವೃತ್ತ ನಾಲ್ಕು ಪಟ್ಟು ದೊಡ್ಡದಾಗಿದ್ದರೆ ಮಗು ನಾಲ್ಕು ಪಟ್ಟು ಹಗುರ. ಇಬ್ಬರೂ ಒಂದೇ ತೂಕದವರಾದರೆ ವೃತ್ತಗಳೂ ಸಮ.

ಎರಡು ವೃತ್ತಗಳ ಪ್ರಮಾಣದಿಂದ ಯಾರು ಎಷ್ಟು ಪಾಲು ಎಂಬುದಷ್ಟೇ ಸಿಕ್ಕುತ್ತದೆ. ಒಟ್ಟು ಮೊತ್ತವನ್ನು ಕೊಡುವುದು ಕೆಪ್ಲರನ ಮೂರನೆಯ ನಿಯಮ, ನ್ಯೂಟನ್ ಅದಕ್ಕೆ ಕೊಟ್ಟ ಪೂರ್ಣರೂಪದಲ್ಲಿ. ಭೂಮಿಗೂ ಸೂರ್ಯನಿಗೂ ಇರುವ ದೂರವನ್ನು ಅಳತೆಗೋಲಾಗಿ ಇಟ್ಟುಕೊಂಡು ಎರಡು ನಕ್ಷತ್ರಗಳ ನಡುವಣ ಸರಾಸರಿ ದೂರವನ್ನು ಅಳೆಯಬೇಕು. ಅದರ ಘನವನ್ನು, ಒಂದು ಸುತ್ತಿಗೆ ಹಿಡಿಯುವ ವರ್ಷಗಳ ವರ್ಗದಿಂದ ಭಾಗಿಸಬೇಕು. ಬಂದ ಭಾಗಲಬ್ಧವೇ ಎರಡರ ಒಟ್ಟು ರಾಶಿ, ಸೂರ್ಯನ ಲೆಕ್ಕದಲ್ಲಿ. ತಿಮಿಂಗಿಲ ನಕ್ಷತ್ರಪುಂಜದಲ್ಲಿ ಲೈಟನ್ 726-8 ಎಂಬ ಜೋಡಿಯಿದೆ. 1948ರಲ್ಲಿ ವಿಲ್ಲೆಮ್ ಲೈಟನ್ ಗುರುತಿಸಿದ್ದು. ದೂರ ಒಂಬತ್ತು ಜ್ಯೋತಿರ್ವರ್ಷಗಳಿಗೂ ಕಡಿಮೆ. ಎರಡು ತಾರೆಗಳ ನಡುವಣ ಸರಾಸರಿ ಅಂತರ ಸುಮಾರು 5.5 ಅಳತೆಗೋಲು, ಸುತ್ತಿನ ಅವಧಿ ಸುಮಾರು 26.3 ವರ್ಷ. 5.5ರ ಘನ 166, 26.3ರ ವರ್ಗ 692. ಭಾಗಿಸಿದರೆ 0.24. ಇಲ್ಲಿ ಎರಡು ವೃತ್ತಗಳೂ ಹೆಚ್ಚುಕಡಿಮೆ ಸಮವಾದ್ದರಿಂದ ತಲಾ 0.12. ಒಂದೊಂದು ತಾರೆಯೂ ಸೂರ್ಯನ ಎಂಟನೆಯ ಒಂದು ಭಾಗದಷ್ಟು. ಹೈಸ್ಕೂಲು ಹುಡುಗನೂ ಪೆನ್ಸಿಲು ಹಿಡಿದು ಮಾಡಬಲ್ಲ ಲೆಕ್ಕ.

ಲೆಕ್ಕ ಸುಲಭ, ಲೆಕ್ಕಕ್ಕೆ ಬೇಕಾದ ಅಂಕೆಗಳೇ ದುರ್ಲಭ. ಸೂರ್ಯನ ಹತ್ತನೆಯ ಒಂದು ಭಾಗ ರಾಶಿಯಿರುವ ತಾರೆ ಸೂರ್ಯನ ಹತ್ತನೆಯ ಒಂದು ಭಾಗ ಬೆಳಕನ್ನು ಕೊಡುವುದಿಲ್ಲ. ಕೊಡುವುದು ಸುಮಾರು ಸಾವಿರದ ಒಂದು ಭಾಗ. ಈ ಕೆಂಪು ಕುಬ್ಜಗಳಲ್ಲಿ ಒಂದಾದರೂ ಬರಿಗಣ್ಣಿಗೆ ಕಾಣಿಸದು. ತೀರ ಹತ್ತಿರದವನ್ನು ಮಾತ್ರ ಹಿಡಿಯಬೇಕು. ಹಿಡಿದ ಮೇಲೂ ಒಂದು ಸುತ್ತು ಮುಗಿಯಲು ಹತ್ತಾರು ವರ್ಷ ಕಾಯಬೇಕು. ಇದೆಲ್ಲಕ್ಕಿಂತ ಕಠಿಣವಾದದ್ದು ದೂರದ ಪ್ರಶ್ನೆ. ಸೂತ್ರದಲ್ಲಿ ದೂರದ ಘನವಿದೆಯೆಂಬುದನ್ನು ಮರೆಯಬಾರದು. ನಕ್ಷತ್ರದ ದೂರವನ್ನು ಅಳೆಯುವಲ್ಲಿ ನೂರಕ್ಕೆ ಹತ್ತು ತಪ್ಪಿದರೆ ರಾಶಿ ನೂರಕ್ಕೆ ಮೂವತ್ತಮೂರು ತಪ್ಪುತ್ತದೆ. ಬಂಗಾರದ ಅಂಗಡಿಯಲ್ಲಿ ಇಂಥ ತಕ್ಕಡಿಯನ್ನು ಯಾರೂ ಒಪ್ಪಲಾರರು.

ಜೊತೆಗಾರನಿದ್ದರೂ ಉಪಯೋಗವಾಗದ ಪ್ರಸಂಗಗಳುಂಟು. 1689ರ ಡಿಸೆಂಬರಿನಲ್ಲಿ ಪಾಂಡಿಚೇರಿಯಲ್ಲಿದ್ದ ಫ್ರೆಂಚ್ ಪಾದ್ರಿ ಜ್ಯಾಂ ರಿಶೋ ಧೂಮಕೇತುವೊಂದನ್ನು ಗಮನಿಸುತ್ತಿದ್ದಾಗ, ದಕ್ಷಿಣದ ಕಿನ್ನರ ಪುಂಜದ ಪ್ರಕಾಶಮಾನವಾದ ನಕ್ಷತ್ರವು ಒಂದಲ್ಲ, ಎರಡು ಎಂಬುದು ಅವರ ಕಣ್ಣಿಗೆ ಬಿತ್ತು. ಭಾರತದ ನೆಲದ ಮೇಲಿಂದ ದೂರದರ್ಶಕದಿಂದ ಆದ ಮೊದಮೊದಲ ಶೋಧಗಳಲ್ಲಿ ಇದೊಂದು. ಆ ಜೋಡಿಗೆ ಮೂರನೆಯ ಬಂಧುವೂ ಇದೆ: ಪ್ರಾಕ್ಸಿಮಾ ಎಂಬ ಕೆಂಪು ಕುಬ್ಜ, ಸೂರ್ಯನನ್ನು ಬಿಟ್ಟರೆ ಎಲ್ಲಕ್ಕಿಂತ ಸಮೀಪದ ನಕ್ಷತ್ರ. ಆದರೆ ಅದು ಹಿರಿಯರನ್ನು ಒಂದು ಸುತ್ತು ಬರಲು ಹಿಡಿಯುವ ಕಾಲ ಸುಮಾರು ಐದೂವರೆ ಲಕ್ಷ ವರ್ಷ. ಇಷ್ಟು ಹತ್ತಿರವಿದ್ದೂ ಈ ತಕ್ಕಡಿಗೆ ಅದು ಬಾರದು.

ಜೋಡಿ ನಕ್ಷತ್ರಗಳು ನಿಜವಾಗಿಯೂ ಒಂದನ್ನೊಂದು ಸುತ್ತುತ್ತವೆಂದು ವಿಲಿಯಂ ಹರ್ಷೆಲ್ 1803ರಲ್ಲಿ ತೋರಿಸಿಕೊಟ್ಟನು. ಅದಕ್ಕೂ ವಿಚಿತ್ರವಾದ ಸಂಗತಿಯನ್ನು 1844ರಲ್ಲಿ ಜರ್ಮನಿಯ ಬೆಸೆಲ್ ಹೊರಗೆಡಹಿದನು. ಲುಬ್ಧಕ ನಕ್ಷತ್ರ ಆಕಾಶದಲ್ಲಿ ನೇರವಾಗಿ ಸಾಗದೆ ಅಲೆಯಲೆಯಾಗಿ ಸಾಗುತ್ತಿದೆ. ಆದ್ದರಿಂದ ಅದರೊಡನೆ ಕಾಣದ ಜೊತೆಗಾರನೊಬ್ಬನಿರಬೇಕು! ಕತ್ತಲ ರಾತ್ರಿಯಲ್ಲಿ ಇಬ್ಬರು ಕೈಕೈ ಹಿಡಿದು ಸುತ್ತುತ್ತ ಹೊಲದ ಬದುವಿನಗುಂಟ ಹೋಗುತ್ತಿದ್ದಾರೆ, ಲಾಂದ್ರ ಒಬ್ಬನ ಕೈಯಲ್ಲಿ ಮಾತ್ರ ಇದೆ ಎನ್ನೋಣ. ದೂರದಲ್ಲಿ ಕುಳಿತವನಿಗೆ ಕಾಣುವುದು ಡೊಂಕುಡೊಂಕಾಗಿ ಹೋಗುವ ಒಂದು ದೀಪ. ಅದರ ಡೊಂಕಿನಿಂದ ಎರಡನೆಯವನು ಇದ್ದಾನೆಂದು ಊಹಿಸಬಹುದು. ಬೆಸೆಲ್ 1846ರಲ್ಲಿ ತೀರಿಕೊಂಡನು. ಆತನು ಊಹಿಸಿದ್ದ ಜೊತೆಗಾರನು 1862ರಲ್ಲಿ, ಅಮೆರಿಕದ ಆಲ್ವನ್ ಗ್ರಹಾಂ ಕ್ಲಾರ್ಕ್ ಹೊಸ ಮಸೂರವೊಂದನ್ನು ಪರೀಕ್ಷಿಸುತ್ತಿದ್ದಾಗ ಕಾಣಿಸಿಕೊಂಡನು. ಆ ಜೊತೆಗಾರ ಗಾತ್ರದಲ್ಲಿ ಭೂಮಿಯಷ್ಟಿದ್ದರೂ ರಾಶಿಯಲ್ಲಿ ಸೂರ್ಯನಿಗೆ ಸರಿಸಮ; ನೋಡಲು ಚಿಕ್ಕದು, ತೂಗಿದರೆ ಭಾರ. ನಿಜವಾದ ಕಿರುತಾರೆಯ ಕಥೆಗೆ ಇನ್ನೂ ತೊಂಬತ್ತು ವರ್ಷ ಕಾಯಬೇಕಾಯಿತು.

ಮಹಾವ್ಯಾಧನ ಪೂರ್ವಕ್ಕೆ ಏಕಶೃಂಗಿ ಎಂಬ ಮಂಕಾದ ಪುಂಜವಿದೆ. ಅಲ್ಲಿ 1927ರಲ್ಲಿ ಫ್ರಾಂಕ್ ರಾಸ್ ಎಂಬ ಅಮೆರಿಕದ ಖಗೋಳಜ್ಞರು ವೇಗವಾಗಿ ಸರಿಯುತ್ತಿದ್ದ ಒಂದು ಕೆಂಪು ತಾರೆಯನ್ನು ಗುರುತಿಸಿದರು. ಅವರ ಪಟ್ಟಿಯಲ್ಲಿ ಅದು 614ನೆಯದು. ಹೆಸರು ರಾಸ್ 614 ಎಂದೇ ಉಳಿಯಿತು. ದೂರ ಹದಿಮೂರೂವರೆ ಜ್ಯೋತಿರ್ವರ್ಷಗಳಷ್ಟು. 1936ರಲ್ಲಿ ವರ್ಜೀನಿಯಾದ ಮೆಕಾರ್ಮಿಕ್ ವೀಕ್ಷಣಾಲಯದ ಡರ್ಕ್ ರೈಲ್ ಈ ತಾರೆಯ ನಡಿಗೆಯೂ ಡೊಂಕೆಂದು ಕಂಡರು. ಲಾಂದ್ರವೇ ಇಷ್ಟು ಮಂಕು. ಕತ್ತಲಲ್ಲಿರುವ ಜೊತೆಗಾರ ಇನ್ನೆಷ್ಟು ಮಂಕಿರಬೇಡ!

ಪೆನ್ಸಿಲ್ವೇನಿಯಾ ರಾಜ್ಯದ ಸ್ವಾರ್ತ್‌ಮೋರ್ ಎಂಬ ಸಣ್ಣ ಊರಿನ ಕಾಲೇಜಿಗೆ ಸೇರಿದ ಸ್ಪ್ರೌಲ್ ವೀಕ್ಷಣಾಲಯದಲ್ಲಿ ಸಾರಾ ಲೀ ಲಿಪಿನ್‌ಕಾಟ್ ಎಂಬ ಮಹಿಳೆ ಈ ತಾರೆಯನ್ನು ಕೈಗೆತ್ತಿಕೊಂಡರು. ಅಲ್ಲಿದ್ದುದು ಇಪ್ಪತ್ತನಾಲ್ಕು ಅಂಗುಲದ ಮಸೂರದ ದೂರದರ್ಶಕ. ಗಾಜಿನ ಫಲಕಗಳ ಮೇಲೆ ವರ್ಷಗಟ್ಟಲೆ ತಾರೆಯ ಚಿತ್ರ ಹಿಡಿಯುವುದು, ಒಂದೊಂದು ಫಲಕವನ್ನೂ ಸೂಕ್ಷ್ಮದರ್ಶಕವಿರುವ ಅಳತೆಯ ಯಂತ್ರದಲ್ಲಿಟ್ಟು ಆ ಕಪ್ಪು ಚುಕ್ಕೆ ಸುತ್ತಲಿನ ದೂರದ ತಾರೆಗಳಿಂದ ಎಷ್ಟು ಸರಿದಿದೆಯೆಂದು ನೋಡುವುದು — ಇದೇ ಕೆಲಸ. ರಾಸ್ 614ರ ಇಡೀ ಡೊಂಕು ಫಲಕದ ಮೇಲೆ ಒಂದು ಮಿಲಿಮೀಟರಿನ ಅರವತ್ತನೆಯ ಒಂದು ಭಾಗದಷ್ಟು ಮಾತ್ರ. ಅದನ್ನು ಹಿಡಿದು ಆಕೆ ಕಾಣದ ಜೊತೆಗಾರನ ಪಥವನ್ನು ಲೆಕ್ಕಹಾಕಿದರು. ಒಂದು ಸುತ್ತಿಗೆ ಹದಿನಾರೂವರೆ ವರ್ಷ.

ಆದರೂ ಜೊತೆಗಾರನ ರಾಶಿ ಗೊತ್ತಾಗಲಿಲ್ಲ. ಬೀಜಗಣಿತ ಕಲಿತವರಿಗೆ ಕಾರಣ ಹೊಳೆದೀತು: ಇದ್ದುದು ಒಂದು ಸಮೀಕರಣ, ಅಜ್ಞಾತಗಳು ಎರಡು. ಕಾಣುವ ತಾರೆ ಹಗುರವಾಗಿದ್ದರೆ ಅದನ್ನು ಅಲುಗಿಸಲು ಹಗುರವಾದ ಜೊತೆಗಾರನೇ ಸಾಕು. ಭಾರವಾಗಿದ್ದರೆ ಜೊತೆಗಾರನೂ ಭಾರವಿರಬೇಕು. ಎರಡಕ್ಕೂ ಡೊಂಕು ಒಂದೇ. ಕತ್ತಲಲ್ಲಿರುವವನು ಒಮ್ಮೆ, ಒಂದೇ ಒಂದು ಸಲ ಕಣ್ಣಿಗೆ ಬಿದ್ದು, ಲಾಂದ್ರದವನಿಂದ ಎಷ್ಟು ದೂರದಲ್ಲಿದ್ದಾನೆಂದು ತಿಳಿದರೆ ಸಾಕು, ಗಂಟು ಬಿಚ್ಚಿಕೊಳ್ಳುತ್ತದೆ.

ಕಣ್ಣಿಗೆ ಬೀಳುವುದು ಹೇಗೆ? ಇಬ್ಬರ ನಡುವಣ ಅಂತರ ಒಂದು ಆರ್ಕ್‌ಸೆಕೆಂಡಿನ ಆಸುಪಾಸು. ಐದು ಕಿಲೋಮೀಟರು ದೂರದಲ್ಲಿ ಹಿಡಿದ ಎರಡೂವರೆ ಸೆಂಟಿಮೀಟರು ಅಗಲದ ನಾಣ್ಯ ಅಷ್ಟು ಕಾಣುತ್ತದೆ. ವಾಯುಮಂಡಲದ ನಡುಕಕ್ಕೆ ಎರಡು ಚುಕ್ಕೆಗಳೂ ಕಲಸಿಹೋಗುತ್ತವೆ. ಲಿಪಿನ್‌ಕಾಟರ ದೂರದರ್ಶಕಕ್ಕೆ ಅದು ಸಾಧ್ಯವಿರಲಿಲ್ಲ. ಆದರೆ ಜೊತೆಗಾರ ಯಾವಾಗ ಅತಿ ದೂರಕ್ಕೆ ಸರಿಯುತ್ತಾನೆ, ಆಗ ಯಾವ ದಿಕ್ಕಿನಲ್ಲಿ ಹುಡುಕಬೇಕು ಎಂಬುದನ್ನು ಆಕೆಯ ಲೆಕ್ಕ ಹೇಳಬಲ್ಲದಾಗಿತ್ತು. ಅಂದಿಗೆ ಪ್ರಪಂಚದಲ್ಲೇ ಅತಿ ದೊಡ್ಡದಾಗಿದ್ದ ಪಾಲೊಮಾರ್ ಶಿಖರದ ಇನ್ನೂರು ಅಂಗುಲದ ದೂರದರ್ಶಕಕ್ಕೆ ಆ ಲೆಕ್ಕ ಹೋಯಿತು. ಅಲ್ಲಿದ್ದವರು ವಾಲ್ಟರ್ ಬಾಡೆ. ದೂರದೂರದ ನಕ್ಷತ್ರದ್ವೀಪಗಳನ್ನು ಶೋಧಿಸಿ ಹೆಸರಾದವರು. ಮನೆಬಾಗಿಲಿನ ಕಿರುತಾರೆಗಳು ಅವರ ನಿತ್ಯದ ವಿಷಯವಲ್ಲ. 1955ರ ಮಾರ್ಚಿನಲ್ಲಿ ಅವರು ಆ ಮಹಾಯಂತ್ರವನ್ನು ಏಕಶೃಂಗಿಯ ಕಡೆಗೆ ತಿರುಗಿಸಿದರು. ಹೇಳಿದ ಸ್ಥಳದಲ್ಲಿಯೇ, ಕೆಂಪು ತಾರೆಯ ಮಗ್ಗುಲಲ್ಲಿ, ಅದರ ಬೆಳಕಿನ ಹತ್ತು ಹದಿನೈದನೆಯ ಒಂದು ಭಾಗವೂ ಇಲ್ಲದ ಒಂದು ಕಿಡಿಯಿತ್ತು.

ಲಿಪಿನ್‌ಕಾಟ್ ಆ ಅಳತೆಯನ್ನು ಸೇರಿಸಿ ಲೆಕ್ಕ ಮುಗಿಸಿದರು. ಜೊತೆಗಾರನ ರಾಶಿ ಸೂರ್ಯನ 0.08, ಎಂದರೆ ಸುಮಾರು ಹನ್ನೆರಡನೆಯ ಒಂದು ಭಾಗವೆಂದು ಬಂತು. ಅಲ್ಲಿಯವರೆಗೆ ತೂಗಿದ ನಕ್ಷತ್ರಗಳಲ್ಲೆಲ್ಲ ಅತ್ಯಂತ ಹಗುರಾದವುಗಳ ಸಾಲಿಗೆ ಅದು ಸೇರಿತು.

ಈ 0.08 ಎಂಬ ಅಂಕೆಯ ಮಹತ್ವ ಎಂಟು ವರ್ಷಗಳ ಅನಂತರ ಗೋಚರವಾಯಿತು. ಭಾರತೀಯ ಮೂಲದ ವಿಜ್ಞಾನಿ ಶಿವ್ ಎಸ್. ಕುಮಾರ್ ಅಮೆರಿಕದಲ್ಲಿ ಕೆಲಸ ಮಾಡುತ್ತ 1963ರಲ್ಲಿ ಒಂದು ಪ್ರಶ್ನೆಗೆ ಉತ್ತರ ಕೊಟ್ಟರು: ನಕ್ಷತ್ರವೆನಿಸಿಕೊಳ್ಳಲು ಕನಿಷ್ಠ ಎಷ್ಟು ರಾಶಿ ಬೇಕು? ಅನಿಲದ ಮುದ್ದೆ ತನ್ನ ಭಾರಕ್ಕೆ ತಾನೇ ಕುಗ್ಗುತ್ತ ಒಳಗೆ ಕಾಯುತ್ತದೆ. ಸಾಕಷ್ಟು ಕಾದರೆ ಜಲಜನಕ ಹೊತ್ತಿಕೊಂಡು ಕುಗ್ಗುವಿಕೆ ನಿಲ್ಲುತ್ತದೆ, ಅದೇ ನಕ್ಷತ್ರ. ರಾಶಿ ಸಾಲದಿದ್ದರೆ, ಹೊತ್ತಿಕೊಳ್ಳುವುದಕ್ಕೆ ಮುಂಚೆಯೇ ಒಳಗಿನ ಎಲೆಕ್ಟ್ರಾನುಗಳು ಇನ್ನು ಅಡಕವಾಗಲಾರೆವೆಂದು ಎದುರು ನಿಲ್ಲುತ್ತವೆ. ಮುದ್ದೆ ಅಷ್ಟಕ್ಕೇ ನಿಂತು ನಿಧಾನವಾಗಿ ಆರುತ್ತದೆ. ಹಸಿ ಸೌದೆ ಹೊಗೆಯಾಡಿ ಹೊಗೆಯಾಡಿ ಕೊನೆಗೂ ಉರಿಯದಂತೆ. ಕುಮಾರರ ಲೆಕ್ಕದಲ್ಲಿ ಈ ಗಡಿ, ನಕ್ಷತ್ರದ ರಾಸಾಯನಿಕ ರಚನೆಯನ್ನು ಅನುಸರಿಸಿ, ಸೂರ್ಯನ 0.07ರಿಂದ 0.09. ಗಡಿಯಿಂದ ಕೆಳಗಿನವಕ್ಕೆ 1975ರಲ್ಲಿ ಜಿಲ್ ಟಾರ್ಟರ್ ‘ಕಂದು ಕುಬ್ಜ’ ಎಂಬ ಹೆಸರಿಟ್ಟರು. ಗಡಿಯಿಂದ ತುಸು ಮೇಲಿದ್ದರೂ ಸಾಕು, ಬಾಳು ಬೇರೆಯೇ: ಜಲಜನಕವನ್ನು ಜಿಪುಣನಂತೆ ಖರ್ಚು ಮಾಡುತ್ತ ಲಕ್ಷಾಂತರ ಕೋಟಿ ವರ್ಷ ಉರಿಯುತ್ತದೆ. ವಿಶ್ವದ ಈವರೆಗಿನ ವಯಸ್ಸು ಸುಮಾರು 1,380 ಕೋಟಿ ವರ್ಷ. ಹುಟ್ಟಿದ ಕೆಂಪು ಕುಬ್ಜಗಳಲ್ಲಿ ಒಂದೂ ಇನ್ನೂ ಮುಪ್ಪಿನಿಂದ ಸತ್ತಿಲ್ಲ. ಚಿರಂಜೀವಿಗೂ ಅಲ್ಪಾಯುವಿಗೂ ನಡುವೆ ಇರುವುದು ರಾಶಿಯ ಒಂದು ಎಳೆ. ಅಳತೆ ತುಸು ತಪ್ಪಿದರೆ ನಕ್ಷತ್ರವೇ ನಕ್ಷತ್ರವಲ್ಲದ್ದಾಗುತ್ತದೆ.

ಅಳತೆ ತಪ್ಪಿದ ಕಥೆಗಳಿಗೂ ಕೊರತೆಯಿಲ್ಲ. ಮದರಾಸಿನ ಈಸ್ಟ್ ಇಂಡಿಯಾ ಕಂಪೆನಿಯ ವೀಕ್ಷಣಾಲಯದಲ್ಲಿದ್ದ ಕ್ಯಾಪ್ಟನ್ ಜೇಕಬ್ 1855ರಲ್ಲಿಯೇ, ಉರಗಧರ ಪುಂಜದ ಜೋಡಿ ನಕ್ಷತ್ರವೊಂದರ ಪಥ ಲೆಕ್ಕಕ್ಕೆ ಸರಿಹೊಂದದಿರುವುದನ್ನು ಕಂಡು, ಅಲ್ಲಿ ಗ್ರಹವೊಂದಿರಬೇಕೆಂದು ಸಾರಿದ್ದರು. ಅದು ನಿಲ್ಲಲಿಲ್ಲ. ಆದರೆ ಹೆಚ್ಚು ನೋವಿನ ಕಥೆ ಸ್ಪ್ರೌಲ್ ವೀಕ್ಷಣಾಲಯದ್ದೇ. ಅದರ ನಿರ್ದೇಶಕರಾಗಿದ್ದ ಪೀಟರ್ ವಾನ್ ಡಿ ಕಾಂಪ್ ಹತ್ತಿರದ ತಾರೆಗಳ ಡೊಂಕು ಹುಡುಕುವುದಕ್ಕೆ ಜೀವಮಾನವನ್ನೇ ಮುಡಿಪಿಟ್ಟವರು. ಆರು ಜ್ಯೋತಿರ್ವರ್ಷ ದೂರದ ಬರ್ನಾರ್ಡ್ ತಾರೆಯ ಚಿತ್ರಗಳನ್ನು 1938ರಿಂದ ಬಿಡದೆ ಸಂಗ್ರಹಿಸಿ, 1963ರಲ್ಲಿ ಅದರ ಬಳಿ ಗುರುವಿಗಿಂತ ಒಂದೂವರೆ ಪಟ್ಟು ಭಾರದ ಗ್ರಹವಿದೆಯೆಂದು ಘೋಷಿಸಿದರು. ಪತ್ರಿಕೆಗಳು, ಪಠ್ಯಪುಸ್ತಕಗಳು ಆ ಸುದ್ದಿಯನ್ನು ಹೊತ್ತು ತಿರುಗಿದವು. ಆದರೆ ಡೊಂಕು ಫಲಕದ ಮೇಲೆ ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟು ಮಾತ್ರ.

1973ರಲ್ಲಿ ಜಾರ್ಜ್ ಗೇಟ್‌ವುಡ್ ಮತ್ತು ಹೈನ್ರಿಚ್ ಐಕ್‌ಹಾರ್ನ್ ಬೇರೆ ವೀಕ್ಷಣಾಲಯಗಳ ಫಲಕಗಳನ್ನು ಅಳೆದರು, ಡೊಂಕು ಕಾಣಲಿಲ್ಲ. ಅದೇ ವರ್ಷ ಸ್ಪ್ರೌಲ್‌ನವರೇ ಆದ ಜಾನ್ ಹರ್ಷಿ ತಮ್ಮ ದೂರದರ್ಶಕದ ಹಳೆಯ ಫಲಕಗಳನ್ನು ಪರೀಕ್ಷಿಸಿದಾಗ, ಬರ್ನಾರ್ಡ್ ತಾರೆಗೆ ಸಂಬಂಧವೇ ಇಲ್ಲದ ಇನ್ನೊಂದು ತಾರೆಯೂ ಅದೇ ವರ್ಷಗಳಲ್ಲಿ ಅದೇ ರೀತಿ ಜಿಗಿದಿರುವುದು ಹೊರಬಿತ್ತು. ಎರಡು ತಾರೆಗಳು ಮಾತಾಡಿಕೊಂಡು ಕುಣಿಯುತ್ತವೆಯೇ? 1949ರಲ್ಲಿ ಮಸೂರದ ಚೌಕಟ್ಟನ್ನು ಬದಲಾಯಿಸಿದ್ದರು. 1957ರಲ್ಲಿ ಮಸೂರವನ್ನು ಸರಿಹೊಂದಿಸಿದ್ದರು. ಕುಣಿದದ್ದು ಆಕಾಶವಲ್ಲ, ಮಸೂರ. ವಾನ್ ಡಿ ಕಾಂಪ್ 1995ರಲ್ಲಿ ತೀರಿಕೊಳ್ಳುವವರೆಗೂ ಈ ತೀರ್ಪನ್ನು ಒಪ್ಪಲಿಲ್ಲ. ಮೂರು ದಶಕಗಳ ರಾತ್ರಿಗಳನ್ನು ಕೊಟ್ಟವರು ಒಪ್ಪುವುದು ಸುಲಭವೂ ಅಲ್ಲ. 2024 ಮತ್ತು 2025ರಲ್ಲಿ ಬರ್ನಾರ್ಡ್ ತಾರೆಯ ಸುತ್ತ ಗ್ರಹಗಳು ನಿಜವಾಗಿಯೇ ಸಿಕ್ಕಿದವು. ಆದರೆ ಅವು ಭೂಮಿಗಿಂತಲೂ ಹಗುರಾದ ನಾಲ್ಕು ಪುಟ್ಟ ಗೋಳಗಳು. ಅವರು ಹೇಳಿದ್ದ ಗ್ರಹವಾದರೋ ಭೂಮಿಯ ಐನೂರು ಪಟ್ಟಿನದು.

ಹಾಗಾದರೆ ಅದೇ ದೂರದರ್ಶಕದಿಂದ ಬಂದ ರಾಸ್ 614ರ ಜೊತೆಗಾರನ ಗತಿಯೇನು? ಅದು ಉಳಿಯಿತು. ಅದರ ಡೊಂಕು ಬರ್ನಾರ್ಡ್ ತಾರೆಯದೆಂದು ಹೇಳಿದ ಡೊಂಕಿಗಿಂತ ಹತ್ತು ಪಟ್ಟಿಗೂ ದೊಡ್ಡದು. ಅದನ್ನು ಮೊದಲು ಕಂಡದ್ದು ಬೇರೊಂದು ಊರಿನ ಮಸೂರ, ಕಣ್ಣಾರೆ ಕಂಡದ್ದು ಮತ್ತೊಂದು ಊರಿನ ಕನ್ನಡಿ. ಆದರೆ ಅಂಕೆ ಉಳಿಯಲಿಲ್ಲ. ಹಬಲ್ ದೂರದರ್ಶಕ ವಾಯುಮಂಡಲದ ಆಚೆ ನಿಂತು ಅಳೆದಾಗ, ಬೆನೆಡಿಕ್ಟರ 2016ರ ಪಟ್ಟಿಯಲ್ಲಿ ಹಿರಿಯ ತಾರೆ 0.22, ಕಿರಿಯದು 0.11 ಎಂದು ಬಂದಿದೆ. ಲಿಪಿನ್‌ಕಾಟ್ ಗಡಿಯ ಮೇಲೆ ನಿಲ್ಲಿಸಿದ್ದ ತಾರೆ ಗಡಿಯಿಂದ ಸುರಕ್ಷಿತವಾಗಿ ಒಳಗೆ ಬಂತು.

ದೂರದ ಗೊಡವೆಯೇ ಇಲ್ಲದೆ ರಾಶಿ ಸಿಕ್ಕುವ ಅದೃಷ್ಟದ ಪ್ರಸಂಗವೂ ಒಂದುಂಟು. ಜೋಡಿಯ ಪಥವು ಭೂಮಿಯ ಕಡೆಗೆ ಅಂಚು ತಿರುಗಿಸಿಕೊಂಡಿದ್ದರೆ ತಾರೆಗಳು ಸರದಿಯ ಮೇಲೆ ಒಂದನ್ನೊಂದು ಮರೆಮಾಡುತ್ತವೆ, ಗ್ರಹಣದಂತೆ. ಡ್ರಾಕೋ ಪುಂಜದ ಸಿ.ಎಂ. ಡ್ರಾಕೋನಿಸ್ ಅಂಥ ಜೋಡಿ. ಎರಡೂ ಕೆಂಪು ಕುಬ್ಜಗಳೇ. ಸುತ್ತಿಗೆ ಹಿಡಿಯುವುದು ಮೂವತ್ತು ಗಂಟೆಗಳಿಗೆ ತುಸು ಹೆಚ್ಚು ಕಾಲ ಮಾತ್ರ. ಇಪ್ಪತ್ತಾರು ವರ್ಷ ಕಾಯಬೇಕಾಗಿಲ್ಲ. ತಾರೆ ಹತ್ತಿರ ಬರುವಾಗ ಅದರ ಬೆಳಕಿನ ರೋಹಿತದ ಗೆರೆಗಳು ನೀಲಿಯ ಕಡೆಗೂ ದೂರ ಹೋಗುವಾಗ ಕೆಂಪಿನ ಕಡೆಗೂ ಸರಿಯುತ್ತವೆ. ಆ ಸರಿತದಿಂದ ವೇಗ — ಇಲ್ಲಿ ಸೆಕೆಂಡಿಗೆ ಎಪ್ಪತ್ತು ಕಿಲೋಮೀಟರಿಗೂ ಹೆಚ್ಚು, ವೇಗ ಮತ್ತು ಕಾಲದಿಂದ ವೃತ್ತದ ಅಳತೆ, ವೃತ್ತದಿಂದ ರಾಶಿ. 0.23 ಮತ್ತು 0.21. ಗ್ರಹಣದ ಅವಧಿಯಿಂದ ಗಾತ್ರವೂ ಸಿಗುತ್ತದೆ. ಅದು ಸಿದ್ಧಾಂತ ಹೇಳುವುದಕ್ಕಿಂತ ನೂರಕ್ಕೆ ಕೆಲವು ಪಾಲು ಹೆಚ್ಚಾಗಿರುವುದು ಪಂಡಿತರಿಗೆ ಹೊಸ ತಲೆನೋವು. 2017ರಲ್ಲಿ ಇದೇ ಗ್ರಹಣದ ದಾರಿಯಿಂದ ಇನ್ನೂ ಕಿರಿದಾದದ್ದೊಂದು ಸಿಕ್ಕಿತು. ಅದು ಗುರುವಿನ 85 ಪಟ್ಟು ರಾಶಿಯ ತಾರೆ, ಸೂರ್ಯನ ಲೆಕ್ಕದಲ್ಲಿ 0.081. ಗಾತ್ರ ಶನಿಗ್ರಹಕ್ಕಿಂತ ಸ್ವಲ್ಪವೇ ದೊಡ್ಡದು. ಕುಮಾರರ ಗಡಿಯ ಹೊಸ್ತಿಲ ಮೇಲೆಯೇ ನಿಂತಿರುವ ನಕ್ಷತ್ರವದು.

ನಲವತ್ತು ಜ್ಯೋತಿರ್ವರ್ಷ ದೂರದ ಟ್ರಾಪಿಸ್ಟ್-1 ಎಂಬ ಕಿರುತಾರೆಯ ಸುತ್ತ ಭೂಮಿಯಂಥ ಏಳು ಗ್ರಹಗಳಿವೆಯೆಂದು 2017ರಲ್ಲಿ ಪ್ರಕಟವಾದಾಗ ಜಗತ್ತೆಲ್ಲ ಬೆರಗಾಯಿತು. ಆ ತಾರೆಗೆ ಜೊತೆಗಾರನಿಲ್ಲ. ಅದರ ರಾಶಿ 0.09 ಎಂಬುದು ತೂಗಿದ ಜೋಡಿಗಳಿಂದ ಎರವಲು ಪಡೆದ ಅಂದಾಜು. ಗ್ರಹ ಎಷ್ಟು ದೊಡ್ಡದು, ಎಷ್ಟು ಭಾರ, ಅಲ್ಲಿ ನೀರು ನಿಂತೀತೇ ಎಂಬ ಎಲ್ಲ ಲೆಕ್ಕಕ್ಕೂ ಆ ಅಂದಾಜೇ ತಳಹದಿ. ಗ್ರಹದ ಅಳತೆಗಳೆಲ್ಲ ತಾರೆಯ ಅಳತೆಯ ಪಾಲಾಗಿ ಸಿಗುವಂಥವು.

ಅರುಂಧತಿಯ ಸಂಗಾತಿಯದೂ ಇಂಥದೇ ಎರವಲು. ಒಂದು ವ್ಯತ್ಯಾಸವೇನೆಂದರೆ ಆ ಕಿರುತಾರೆಗೆ ಜೊತೆಯುಂಟು. ಅರುಂಧತಿಯನ್ನು ಅದು ಒಮ್ಮೆ ಸುತ್ತಲು ನೂರು ವರ್ಷದ ಆಸುಪಾಸು ಬೇಕಾದೀತೆಂದು ಎಣಿಕೆ. ಕಂಡದ್ದು 2009ರಲ್ಲಿ. ಈಗ ಅದು ಸವೆಸಿರುವುದು ಸುತ್ತಿನ ಸಣ್ಣದೊಂದು ಭಾಗವನ್ನಷ್ಟೆ. ಪಥದ ಸಾಕಷ್ಟು ಪಾಲು ಅಳತೆಗೆ ಸಿಕ್ಕುವವರೆಗೆ ಆ ‘ಕಾಲು ಸೂರ್ಯ’ ಅಂದಾಜಿನ ಮಾತೇ. ಸಿಕ್ಕಿದ ಮೇಲೆ 47ರ ಪಟ್ಟಿಯಂಥ ಪಟ್ಟಿಗೆ ಇನ್ನೊಂದು ಹೆಸರು ಸೇರುತ್ತದೆ.